ನೀಲಿ ಬಟ್ಟೆಯ ಮೂರಕ್ಷರ

ಮನುಷ್ಯಕುಲದ ಮುಂದೆ ಆಗಾಗ ಬಂದು ನಿಲ್ಲುವ ಮಹಾಪ್ರಶ್ನೆಗಳ ಸಾಲಿಗೆ ಲೊಮೆ ನಗರದ ದೊಡ್ಡ ಮಾರುಕಟ್ಟೆಯೂ ತನ್ನದೊಂದನ್ನು ಸೇರಿಸಿದೆ ಎಂಬುದನ್ನು ಇಲ್ಲಿ ಗಂಭೀರವಾಗಿ ದಾಖಲಿಸಬೇಕು. ಒಂದು ನೀಲಿ ಬಟ್ಟೆಯ ಮೇಲೆ ಅಚ್ಚಾಗಿದ್ದ ಎಂ.ಪಿ.ಟಿ. ಎಂಬ ಮೂರಕ್ಷರಗಳ ಅರ್ಥವೇನು ಎಂಬುದೇ ಆ ಪ್ರಶ್ನೆ. ಅದೇ ವರ್ಷ ಸಕ್ಕರೆ ಸಿಗದೆ ಹೋಯಿತು, ಬಂದರಿನಲ್ಲಿ ಕೆಲಸ ನಿಂತಿತು, ದಂಡೆಯ ರಸ್ತೆಯ ಒಂದು ತುಂಡನ್ನು ಸಮುದ್ರ ನುಂಗಿತು. ಮಾರುಕಟ್ಟೆಯ ಎರಡನೆಯ ಮಹಡಿಯ ಹೆಂಗಸರು ಇವನ್ನೆಲ್ಲ ಬೆಳಗಿನ ಗಂಜಿಯ ಜೊತೆ ಮಾತಾಡಿ ಮುಗಿಸಿ, ಉಳಿದ ಹೊತ್ತನ್ನು ಮೂರಕ್ಷರಕ್ಕೆ ಮೀಸಲಿಟ್ಟರು.

ಬಟ್ಟೆ ಅಯೆಲೆಯ ಅಂಗಡಿಯದು. ಅಂಗಡಿ ಅವಳ ಸೋದರತ್ತೆ ಫಿಲೊಮೆನ್‌ಳದಾಗಿತ್ತು. ಜನ ಈಗಲೂ ಹಾಗೆಯೇ ಅನ್ನುತ್ತಿದ್ದರು, ಅಯೆಲೆಯ ಕಷ್ಟವೆಲ್ಲ ಅದರಲ್ಲೇ ಇತ್ತು. ಫಿಲೊಮೆನ್ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಮೇಣ ಹಾಕಿ ಬಣ್ಣ ಒತ್ತುವ ಮೇಣದಚ್ಚಿನ ಬಟ್ಟೆಯ ವ್ಯಾಪಾರದಲ್ಲಿ ಅವಳ ಮಾತಿಗೆ ಎಂಥ ತೂಕವೆಂದರೆ, ಹೊಸ ವಿನ್ಯಾಸವೊಂದನ್ನು ನೋಡಿ ಅವಳು ಮೂಗು ಮುರಿದರೆ ಕಾರ್ಖಾನೆಯವರು ಅಚ್ಚನ್ನೇ ಮೂಲೆಗೆ ಎಸೆಯುತ್ತಿದ್ದರಂತೆ. ಅವಳ ಬೆನ್ನ ಹಿಂದೆ ಪುಟ್ಟ ಮಣೆಯ ಮೇಲೆ ಕೂತು, ಬಟ್ಟೆ ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಅಯೆಲೆ ದೊಡ್ಡವಳಾಗಿದ್ದಳು. ಹಾಗಾಗಿ ಅವಳಿಗೆ ವ್ಯಾಪಾರ ಚೆನ್ನಾಗಿ ಗೊತ್ತಿತ್ತು, ಹಿಂದಿನಿಂದ.

ವರ್ಷಕ್ಕೊಮ್ಮೆ ಕಾರ್ಖಾನೆಯ ಏಜೆಂಟರು ತಮ್ಮ ಕೋಣೆಯಲ್ಲಿ ಕುರ್ಚಿ ಹಾಕಿ ಅಂಗಡಿಯವರಿಗೆ ಹೊಸ ಬಟ್ಟೆಗಳನ್ನು ತೋರಿಸುತ್ತಾರೆ. ಮುಂದೆ ಕೂತವರು ಮೊದಲು ಆರಿಸುತ್ತಾರೆ. ಹಿಂದಿನ ಸಾಲಿನವರಿಗೆ ಸಿಗುವುದು ಮುಂದಿನವರು ಬೇಡವೆಂದದ್ದು. ಮೊದಲ ಕುರ್ಚಿ ಕಾಯಿಸಾನ್‌ಳದು, ಎರಡನೆಯದು ಫಿಲೊಮೆನ್‌ಳದು. ಫಿಲೊಮೆನ್‌ಳನ್ನು ಕೇಳಿದ್ದರೆ ತಿರುಗುಮುರುಗು. ಆ ವಿಷಯದಲ್ಲಿ ಇಬ್ಬರೂ ಜೀವನಪೂರ್ತಿ ಜಗಳವಾಡಿದ್ದರು. ಕಾಯಿಸಾನ್ ದಪ್ಪ ಕನ್ನಡಕದ, ಕೆಳದನಿಯ ಮುದುಕಿ. ಅಂಗಡಿ ಸಾಲಿನ ಹೆಂಗಸರೆಲ್ಲ ಅವಳನ್ನು ದಾವಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಅವಳಿಗಿಂತ ಹಿರಿಯರು ಕೂಡ, ಭಯದಿಂದ. ಫಿಲೊಮೆನ್‌ಳ ಕುರ್ಚಿ ಸತ್ತು ವರ್ಷ ತುಂಬಿದಾಗ ಚರ್ಚಿನಲ್ಲಿ ಮಾಡಿಸುವ ಪೂಜೆ ಮುಗಿಯುವವರೆಗೆ ಖಾಲಿ ಇರಬೇಕು, ಆಮೇಲೆ ಅದು ಯಾರಿಗೆಂದು ಸಾಲು ನಿರ್ಧರಿಸಬೇಕು ಎಂದು ಕಟ್ಟು ಮಾಡಿದವಳೂ ಅವಳೇ. ಮೂರನೆಯ ಕುರ್ಚಿಯ ಹೊನೊರಿನ್ ಆಗಲೇ ಆ ಕುರ್ಚಿಯ ಧೂಳು ಒರೆಸುತ್ತಿದ್ದಳು ಎಂದು ಸುದ್ದಿ.

ಅಯೆಲೆ ಒಮ್ಮೆ ಧೈರ್ಯ ಮಾಡಿ, ಕುರ್ಚಿ ಅಂಗಡಿಗೆ ಸೇರಿದ್ದಲ್ಲವೇ ಎಂದು ಕೇಳಿದ್ದಳು.

"ಯಾವ ಅಂಗಡಿ?" ಅಂದಿದ್ದಳು ಕಾಯಿಸಾನ್. "ಹೆಸರು ಹಿಡಿದು ಕೇಳೋ ಬಟ್ಟೆ ಇದ್ರೆ ಅಂಗಡಿ ಕಣೇ ಮಗಳೇ. ಇಲ್ದಿದ್ರೆ ಗೋದಾಮು. ನಿಮ್ಮತ್ತೆ ಕಾಲದ ಹೆಸರುಗಳು ನಿಮ್ಮತ್ತೆ ಜೊತೆ ಹೋದ್ವು. ನೀನು ಒಂದಾದ್ರೂ ಹೆಸರು ತಾ, ಆಮೇಲೆ ಕೂರೋ ಮಾತು."

ಹೆಸರೆಂದರೆ ಹೆಸರೇ. ಈ ಮಾರುಕಟ್ಟೆಯಲ್ಲಿ ಯಾರೂ ಹಳದಿ ಹೂವಿನ ಕೆಂಪು ಬಟ್ಟೆ ಕೊಡಿ ಎಂದು ಕೇಳುವುದಿಲ್ಲ. 'ಅತ್ತೆ ಊರಿಗೆ ಹೋದಳು' ಇದೆಯಾ ಎಂದು ಕೇಳುತ್ತಾರೆ; 'ಮೆಟ್ಟಿಲ ಮೇಲೆ ಜಾರಿದವಳು' ಆರು ಗಜ ಕೊಡಿ ಎನ್ನುತ್ತಾರೆ. ಹೆಸರು ಹತ್ತಿದ ಬಟ್ಟೆ ಗಡಿ ದಾಟಿ ಹೋಗುತ್ತದೆ, ಅಜ್ಜಿಯ ಪೆಟ್ಟಿಗೆಯಿಂದ ಮೊಮ್ಮಗಳಿಗೆ ಇಳಿಯುತ್ತದೆ. ಹತ್ತದ ಬಟ್ಟೆ ಕಿಟಕಿಗೆ ಪರದೆಯಾಗುತ್ತದೆ. ಫಿಲೊಮೆನ್‌ಳ ಎಲ್ಲಕ್ಕಿಂತ ದೊಡ್ಡ ಹೆಸರು 'ಹೇಳದೆ ಬಂದೆ'. ಹಸಿರು ನೆಲ, ಅದರ ಮೇಲೆ ತೆರೆದ ಬಾಗಿಲುಗಳು. ಅಂಥದೊಂದನ್ನು ತಾನೂ ಹುಟ್ಟಿಸಬೇಕೆಂದು ಅಯೆಲೆ ನಿದ್ದೆಗೆಟ್ಟಿದ್ದಳು.

ನೀಲಿ ಬಟ್ಟೆಯನ್ನು ಅವಳು ಏಜೆಂಟರ ಗೋದಾಮಿನ ಹಿಂಭಾಗದಲ್ಲಿ ಕಂಡಳು. ಮಳೆಗಾಲ ಮುಗಿದ ಮೇಲಿನ ಕಡಲಿನ ನೀಲಿ ಅದು, ಒಗೆದಷ್ಟೂ ಬೆಳಗುವಂಥದ್ದು. ಅದರಲ್ಲಿ ಬಿಳಿ ಮೀನುಗಳು ಒಂದರ ಬಾಲ ಒಂದು ಹಿಡಿದು ಸುತ್ತುತ್ತಿದ್ದವು, ಪ್ರತಿ ಸುತ್ತಿನ ನಡುವೆ ಹಳದಿಯಲ್ಲಿ ಮೂರಕ್ಷರ. ಮೀನುಗಾರರ ಸಂಘವೊಂದು ತನ್ನ ಇಪ್ಪತ್ತೈದನೆಯ ವರ್ಷದ ಹಬ್ಬಕ್ಕೆಂದು ಮಾಡಿಸಿದ ಬಟ್ಟೆ. ಹಬ್ಬದಲ್ಲಿ ಯಾರು ಅಧ್ಯಕ್ಷರ ಕುರ್ಚಿಯಲ್ಲಿ ಕೂರಬೇಕೆಂಬ ಮಾತಿನಲ್ಲಿ ಸಂಘ ಎರಡಾಯಿತು, ಎರಡೂ ತುಂಡುಗಳು ಬಟ್ಟೆ ತಮ್ಮದಲ್ಲವೆಂದವು. ಅಯೆಲೆ ಬಣ್ಣಕ್ಕೆ ಸೋತು ಇದ್ದಷ್ಟನ್ನೂ ಎತ್ತಿದಳು. ಅಕ್ಷರಗಳನ್ನು ಅವಳು ನೋಡಲಿಲ್ಲವೆಂದಲ್ಲ. ಮೀನಿನ ನಡುವೆ ಇರುವ ಮೂರಕ್ಷರವನ್ನು ಯಾರು ಓದುತ್ತಾರೆ ಅಂದುಕೊಂಡಳು.

ಎಲ್ಲರೂ ಓದಿದರು. ಅಲ್ಲಿನವರು ಓದುವ ಫ್ರೆಂಚಿನಲ್ಲಿ ಹೇಳಿದರೆ ಮುಂದಿನ ಅರ್ಥಗಳೆಲ್ಲ ಅಕ್ಷರಕ್ಕೆ ಅಕ್ಷರ ಕೂರುತ್ತವೆ. ಇಲ್ಲಿ ಅರ್ಥವನ್ನಷ್ಟೇ ಕೊಡಬಹುದು. ಮೊದಲು ಬಂದ ಗಿರಾಕಿ, ಗಂಡನ ಜೊತೆ ಬಂದವಳು, ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು 'ಗಂಡಾ, ಯಾವತ್ತೂ ನೀನೇ ಕೊಡು' ಎಂದು ಓದಿದಳು. ಗಂಡ ಕೊಡದೆ ಕೆಳಗಿಳಿದು ಹೋದ. ಕೆಳಗೆ ಬಾಡಿಗೆ ಬೈಕಿನ ಹುಡುಗರು ನಿಂತಿರುತ್ತಾರೆ; ಅವರಿಗೆ ಅದು 'ಬೈಕು ಎಲ್ಲಾದರೂ ನುಗ್ಗುತ್ತೆ' ಆಯಿತು. ಚರ್ಚಿನ ಹಾಡುಗಾರ್ತಿಯರು 'ಮರಿಯಮ್ಮ ಸದಾ ಪ್ರಾರ್ಥಿಸುತ್ತಾಳೆ' ಎಂದು ಸಂತೋಷಪಟ್ಟು ಇಡೀ ತಂಡಕ್ಕೆ ಹೊಲಿಸುವ ಮಾತಾಡಿದರು. ಬೈಕಿನವರ ಅರ್ಥ ಕಿವಿಗೆ ಬಿದ್ದ ಕೂಡಲೇ ಮಾತು ಬಿಟ್ಟರು. ನೆಂಟರ ಕಾಟ ತಡೆಯಲಾರದ ಒಬ್ಬ ಗೃಹಿಣಿ 'ಉಂಡು ಬೇಗ ಹೊರಡಿ' ಎಂದು ಓದಿ, ಮೇಜಿಗೆ ಹಾಸುವಷ್ಟು ಮಾತ್ರ ಕತ್ತರಿಸಿಕೊಂಡು ಹೋದಳು. ಇನ್ನೊಂದು ಅರ್ಥ ಸರಕಾರಕ್ಕೆ ಸಂಬಂಧಿಸಿದ್ದು. ಅದನ್ನು ಹೇಳುವಾಗ ಜನ ಮೊದಲು ಹಿಂದೆ ತಿರುಗಿ ನೋಡುತ್ತಿದ್ದರು. ನಿವೃತ್ತ ಮೇಷ್ಟರೊಬ್ಬರು ಮಾತ್ರ ಇದು ಮೀನುಗಾರರ ಸಂಘದ ಹೆಸರಿರಬೇಕೆಂದು ವಿವರಿಸಿದರು. ಅದು ಸರಿಯಾದ ಅರ್ಥವಾದ್ದರಿಂದ ಯಾರೂ ಒಪ್ಪಲಿಲ್ಲ.

ಮೊದಮೊದಲು ಅಯೆಲೆ ಹಿಗ್ಗಿದಳು. ಮಾರುಕಟ್ಟೆಯೆಲ್ಲ ಅವಳ ಬಟ್ಟೆಯ ಮಾತು. ಸಂಜೆ ಬಾಗಿಲು ಹಾಕುವಾಗ ನೋಡಿದರೆ ರಾಶಿ ಮಾತ್ರ ಹಾಗೆಯೇ. ಒಬ್ಬೊಬ್ಬರಿಗೂ ತಮ್ಮ ಅರ್ಥ ಇಷ್ಟ, ಆದರೆ ಪಕ್ಕದವಳ ಅರ್ಥವನ್ನು ಮೈಮೇಲೆ ಹೊತ್ತು ನಡೆಯಲು ಯಾರೂ ತಯಾರಿರಲಿಲ್ಲ.

ಆಗ ಅವಳು ಆ ಮಹಡಿಯಲ್ಲಿ ಯಾರೂ ಮಾಡದ ಕೆಲಸವೊಂದನ್ನು ಮಾಡಿದಳು. ಬೋರ್ಡು ಬರೆಯುವವನನ್ನು ಕರೆಸಿ, 'ಎಂ.ಪಿ.ಟಿ.: ಅಮ್ಮ ಎಲ್ಲವನ್ನೂ ಯೋಚಿಸುತ್ತಾಳೆ' ಎಂದು ಚಂದದ ಅಕ್ಷರಗಳಲ್ಲಿ ಬರೆಸಿ, ಅಂಗಡಿಯ ಮುಂದೆ ತೂಗುಹಾಕಿದಳು. ಮಾತು ಒಳ್ಳೆಯದೇ. ಆದರೆ ಮಾರುವವಳೇ ತನ್ನ ಬಟ್ಟೆಗೆ ಹೆಸರಿಡುವುದೆಂದರೆ ಮದುಮಗಳು ತನ್ನ ಮದುವೆಯಲ್ಲಿ ತಾನೇ ಎದ್ದು ನಿಂತು ತನ್ನ ರೂಪವನ್ನು ಹಾಡಿ ಹೊಗಳಿದಂತೆ. ಯಾರೂ ಬೈಯುವುದಿಲ್ಲ, ತಲೆ ತಗ್ಗಿಸುತ್ತಾರೆ. ಆ ದಿನ ಇಡೀ ಸಾಲು ತಲೆ ತಗ್ಗಿಸಿ ಬಟ್ಟೆ ಮಡಿಸಿತು. ಎದುರಿನ ಅಂಗಡಿಯವಳು ಮಾತ್ರ ಕರುಣೆಯಿಂದ ಒಂದು ತಟ್ಟೆ ಕರಿದ ಗೆಣಸು ಕಳಿಸಿದಳು. ಸಾವಿನ ಮನೆಗೆ ಕಳಿಸುವ ಹಾಗೆ ಮೇಲೆ ಎಲೆ ಮುಚ್ಚಿತ್ತು.

ಮಧ್ಯಾಹ್ನ ಕಾಯಿಸಾನ್ ಬಂದಳು. ಬೋರ್ಡನ್ನು ಓದಿದಳು. ಬಟ್ಟೆಯ ಮೂಲೆಯನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಉಜ್ಜಿದಳು. ಒಳ್ಳೆಯ ಮೇಣದಚ್ಚು ಒಣಗಿದ ಎಲೆಯ ಹಾಗೆ ಮಾತಾಡುತ್ತದೆ, ಕಳಪೆಯದು ಬಾಯಿ ಬಿಡುವುದಿಲ್ಲ. ಮುದುಕಿ ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಅಕ್ಕಪಕ್ಕದ ನಾಲ್ಕು ಅಂಗಡಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ನಂಗ್ಯಾಕೋ 'ದುಃಖಾನೂ ಇಲ್ಲ' ಅಂತ ಓದಿದ ಹಾಗಾಯ್ತಮ್ಮ. ವಯಸ್ಸಾಯ್ತು, ಕಣ್ಣು ಸರಿಯಿಲ್ಲ."

ಇದೂ ಫ್ರೆಂಚಿನಲ್ಲಿ ಅಕ್ಷರಕ್ಕೆ ಅಕ್ಷರ ಕೂರುತ್ತಿತ್ತು. ಸಂಜೆಯೊಳಗೆ ಅದು ಮಹಡಿ ಇಳಿದು ಬೀದಿ ಸೇರಿತು, ಮರುದಿನ ಪಕ್ಕದ ಊರಿಂದ ತಿರುಗಿ ಬಂತು. ಉಳಿದ ಅರ್ಥಗಳು ಬಟ್ಟೆಯನ್ನು ಗಾಯಗೊಳಿಸಿದ್ದವು, ಇದು ಹೂಳಿತು. ಯಾಕೆಂದರೆ ಬಟ್ಟೆ ರಾಶಿಗಟ್ಟಲೆ ಹೋಗುವುದು ಸಾವಿನ ಮನೆಗೆ: ಇಡೀ ಕುಟುಂಬ, ನೆಂಟರು, ಓಣಿಯವರು ಒಂದೇ ಬಟ್ಟೆಯಲ್ಲಿ ಹೊಲಿಸಿಕೊಂಡು ಬರುತ್ತಾರೆ. 'ದುಃಖಾನೂ ಇಲ್ಲ' ಎಂದು ಬೆನ್ನ ಮೇಲೆ ಬರೆದುಕೊಂಡು ಯಾರು ಶವದ ಹಿಂದೆ ನಡೆದಾರು?

ಅಯೆಲೆ ಬೋರ್ಡನ್ನು ಇಳಿಸಿದಳು. ಮುದುಕಿಯ ಮೇಲೆ ಸಿಟ್ಟು ಬಂತು, ಆದರೆ ಆ ಮಹಡಿಯಲ್ಲಿ ಕಾಯಿಸಾನ್ ಮೇಲಿನ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಕೆಲವು ದಿನ ಕಳೆದು ಆನೆಹೊ ಊರಿನ ಹೆಂಗಸೊಬ್ಬಳು ಬಂದಳು. ಎದುರಿನ ಹಲ್ಲು ಬಂಗಾರದ್ದು, ಮಾತು ಕಡಿಮೆ. ಅವಳು ಅಕ್ಷರಗಳ ಸುದ್ದಿ ಎತ್ತಲಿಲ್ಲ, ಚೌಕಾಸಿಯನ್ನೂ ಹೆಚ್ಚು ಮಾಡಲಿಲ್ಲ. ಇಳಿದ ಬೆಲೆಗೆ ಅರ್ಧ ರಾಶಿ ಕಟ್ಟಿಸಿಕೊಂಡು ಹೋದಳು. ಪರದೆಗೆ ಇರಬೇಕು ಎಂದುಕೊಂಡಳು ಅಯೆಲೆ. ಅತ್ತೆಯಾಗಿದ್ದರೆ ಏನು ಮಾಡುತ್ತಿದ್ದಳು ಎಂಬ ಯೋಚನೆ ಬಂದು ಅವಳಿಗೆ ಆ ದಿನ ಊಟ ಸೇರಲಿಲ್ಲ.

ಫಿಲೊಮೆನ್‌ಳ ವರ್ಷದ ಪೂಜೆ ಹತ್ತಿರ ಬಂತು. ಅಂದು ಸಾಲಿನ ಹೆಂಗಸರೆಲ್ಲ ಒಂದೇ ಬಟ್ಟೆ ಉಡಬೇಕು. ಯಾವುದೆಂದು ಆರಿಸುವ ಹಕ್ಕು ಮೊದಲ ಕುರ್ಚಿಯವಳದು. ಭಾನುವಾರ ಮಧ್ಯಾಹ್ನ ಕಾಯಿಸಾನ್‌ಳ ಅಂಗಳದಲ್ಲಿ ಎಲ್ಲರೂ ಸೇರಿದರು. ಮಾವಿನ ಮರದ ಕೆಳಗೆ ಬೆಂಚುಗಳು, ಸಣ್ಣ ಲೋಟಗಳಲ್ಲಿ ತಾಳೆಯ ಸಾರಾಯಿ. ಮೊದಲ ಗುಟುಕನ್ನು ಪದ್ಧತಿಯಂತೆ ಸತ್ತವರಿಗೆಂದು ನೆಲಕ್ಕೆ ಚೆಲ್ಲಿದರು. ಫಿಲೊಮೆನ್‌ಗೆ ಇದಕ್ಕಿಂತ ಒಳ್ಳೆಯದು ಬೇಕಾಗಿತ್ತು ಎಂದು ಯಾರೋ ಅಂದರು. ಹೊನೊರಿನ್ ತಾನು ತಂದಿದ್ದ ಮಾದರಿ ಬಿಚ್ಚಿದಳು: ಕಪ್ಪು ನೆಲ, ಬಿಳಿ ಕಣ್ಣೀರ ಹನಿ. ಒಪ್ಪುವಂಥದೇ. ಎಲ್ಲರೂ ತಲೆಯಾಡಿಸತೊಡಗಿದರು. ಅಯೆಲೆಯ ತಲೆಯೂ ಆಡುತ್ತಿತ್ತು. ಸೋತವಳಿಗೆ ಬೇರೇನು ಕೆಲಸ.

ಕಾಯಿಸಾನ್ ತನ್ನ ಲೋಟವನ್ನು ಬೆಂಚಿನ ಮೇಲಿಟ್ಟಳು.

"ಫಿಲೊಮೆನ್ ಗಂಡ ಸತ್ತಾಗ ನಾನು ಅವಳ ಪಕ್ಕದಲ್ಲಿ ಕೂತಿದ್ದೆ," ಎಂದಳು. "ನಿಮ್ಮಲ್ಲಿ ತುಂಬ ಜನಕ್ಕೆ ಅವನು ಗೊತ್ತಿಲ್ಲ. ಗೊತ್ತಿಲ್ದಿದ್ದು ನಿಮ್ಮ ಪುಣ್ಯ. ಎಲ್ಲಾರೂ ಗೋಳೋ ಅಂತ ಅಳ್ತಾ ಇದ್ರು. ಇವಳು ಮುಖದ ಮೇಲೆ ಬಟ್ಟೆ ಎಳ್ಕೊಂಡು, ನನ್ನ ಕಿವೀಲಿ 'ಕಾಯಿಸಾನ್, ದುಃಖಾನೂ ಇಲ್ಲ ಕಣೇ' ಅಂದ್ಲು. ನಾವಿಬ್ರೂ ಆ ಬಟ್ಟೆ ಒಳಗೇ ನಕ್ವಿ. ಹೆಗಲು ಕುಲುಕೋದು ನೋಡಿ ಪಾದ್ರಿ ಬಂದು ಸಮಾಧಾನ ಮಾಡಿದ್ರು."

ಅಂಗಳದಲ್ಲಿ ಮೊದಲು ಒಬ್ಬಳು ನಕ್ಕಳು, ಆಮೇಲೆ ಬೆಂಚುಗಳೇ ಅಲುಗಿದವು. ಕಾಯಿಸಾನ್ ಮಾತ್ರ ನಗದೆ, ನಗು ಮುಗಿಯಲೆಂದು ಕಾದಳು.

"ಅವಳ ಪೂಜೆಗೆ ಕಣ್ಣೀರ ಹನಿ ಉಟ್ಕೊಂಡು ಹೋದ್ರೆ ಎದ್ದು ಬಂದು ಬೈತಾಳೆ. ಆ ನೀಲಿ ಬಟ್ಟೇನೇ ಉಡಣ. ಎಲ್ಲಿ ಹೋದ್ಲು ಅವಳ ಸೋದರ ಸೊಸೆ?"

ಹೊನೊರಿನ್ ಮಾದರಿಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ಮಡಿಕೆ ಸರಿ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಆ ವಾರ ಅಯೆಲೆಯ ಅಂಗಡಿಗೆ ಸಾಲಿನ ಹೆಂಗಸರೆಲ್ಲ ಬಂದರು, ಅವರ ಹೆಣ್ಣುಮಕ್ಕಳು, ಸೊಸೆಯರು, ನಾದಿನಿಯರು ಬಂದರು. ದರ್ಜಿಗಳು ಹಗಲೆಲ್ಲ ನೀಲಿಯನ್ನೇ ಹೊಲಿದರು. ರಾಶಿ ಕರಗಿತು, ಇನ್ನೂ ಕೇಳುವವರಿದ್ದರು. ಇಲ್ಲವೆನ್ನಲು ಅಯೆಲೆ ಬಾಯಿ ತೆರೆಯುವಷ್ಟರಲ್ಲಿ ಒಬ್ಬಳು, ಪರವಾಗಿಲ್ಲ, ದಾವಿ ಕಾಯಿಸಾನ್ ಹತ್ತಿರ ಬೇಕಾದಷ್ಟಿದೆಯಂತೆ ಎಂದಳು.

ಅಯೆಲೆ ಎದ್ದು ಸಾಲಿನ ಆ ತುದಿಗೆ ನಡೆದಳು. ಕಾಯಿಸಾನ್‌ಳ ಅಂಗಡಿಯಲ್ಲಿ ನೆಲದಿಂದ ಎದೆಯೆತ್ತರಕ್ಕೆ ನೀಲಿ ಬಟ್ಟೆ, ಅದರ ಬಿಳಿ ಮೀನು, ಹಳದಿ ಅಕ್ಷರ. ಪಕ್ಕದಲ್ಲಿ ಗಜಕೋಲು ಹಿಡಿದು ಅಳೆಯುತ್ತಿದ್ದವಳು ನಕ್ಕಳು, ಹಲ್ಲು ಬಂಗಾರದ್ದು.

"ನನ್ನ ತಂಗಿ ಮಗಳು," ಎಂದಳು ಕಾಯಿಸಾನ್, ಪರಿಚಯ ಮಾಡಿಕೊಡುವ ದನಿಯಲ್ಲಿ. "ಆನೆಹೊದಿಂದ ಬಂದಿದಾಳೆ. ನಿಂಗೆ ಗೊತ್ತಿರಬೇಕಲ್ಲ."

ಅಯೆಲೆಗೆ ಒಂದೊಂದೇ ಮಡಿಕೆ ಬಿಚ್ಚಿಕೊಂಡಿತು. ಕಿವಿಯ ಹತ್ತಿರ ಹಿಡಿದು ಕೇಳಿದಾಗಲೇ ಈ ಮುದುಕಿಗೆ ಬಟ್ಟೆ ಎಂಥದೆಂದು ತಿಳಿದಿತ್ತು. ಬೆಲೆ ಬೀಳುವಂಥ ಮಾತೊಂದನ್ನು ಮೆಲ್ಲಗೆ ಹೇಳಿ, ಬಿದ್ದ ಬೆಲೆಗೆ ತರಿಸಿಕೊಂಡು, ಅದೇ ಮಾತಿನಿಂದ ಬಟ್ಟೆಯನ್ನು ಎತ್ತಿ ನಿಲ್ಲಿಸಿದ್ದಳು. ಸಿಟ್ಟು ಮಾಡಬೇಕೆಂದು ಅವಳು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಆದರೆ ಎದೆಯಲ್ಲಿ ಎದ್ದದ್ದು ಬೇರೆಯದು. ಒಳ್ಳೆಯ ಹೊಲಿಗೆಯನ್ನು ಒಳಮಗ್ಗುಲು ತಿರುಗಿಸಿ ನೋಡಿದಾಗ, ಎಲ್ಲೂ ಗಂಟು ಕಾಣದಿದ್ದಾಗ ಆಗುವಂಥದ್ದು.

"ಆ ಮಾತು ಅತ್ತೆ ನಿಜವಾಗ್ಲೂ ಹೇಳಿದ್ರಾ ದಾವಿ?" ಎಂದು ಕೇಳಿದಳು.

"ಅದೊಂದು ಸುಳ್ಳು ಹೇಳಲ್ಲ ನಾನು. ಅವಳು ಸತ್ತಿದಾಳೆ, ಜಗಳಕ್ಕೆ ಬರಲ್ಲ." ಮುದುಕಿ ಬಟ್ಟೆಯೊಂದನ್ನು ತೊಡೆಯ ಮೇಲಿಟ್ಟು ಸವರಿದಳು. "ಕೂತ್ಕೊ. ನಿಮ್ಮತ್ತೆ 'ಹೇಳದೆ ಬಂದೆ' ಅಂತ ಹೆಸರಿಟ್ಲು ಅಂದ್ಕೊಂಡಿದೀಯಲ್ಲ, ಯಾವತ್ತೂ ಇಡ್ಲಿಲ್ಲ. ಒಬ್ಬಳನ್ನ ಗಂಡ ಬಿಟ್ಟು ಎರಡನೇ ಮದುವೆಗೆ ಹೊರಟಿದ್ದ. ನಿಮ್ಮತ್ತೆ ಅವಳನ್ನ ಕರೆದು, ಆ ಬಾಗಿಲು ಬಟ್ಟೆ ದುಡ್ಡಿಲ್ದೆ ಕೊಟ್ಟು, ಚೆನ್ನಾಗಿ ಹೊಲಿಸ್ಕೊಂಡು ಮದುವೆ ಮನೆಗೆ ಹೋಗಿ ಮುಂದಿನ ಸಾಲಲ್ಲಿ ಕೂತ್ಕೊ ಅಂದ್ಲು. ಅವಳು ಹೋಗಿ ಕೂತ್ಲು. ಹೆಸರು ಊರೇ ಇಟ್ಟಿತು. ಬಟ್ಟೆಗೆ ಮಾತು ಹುಡುಕಬಾರ್ದು ಮಗಳೇ. ಯಾರಿಗೆ ಉಡಿಸ್ಬೇಕು, ಎಲ್ಲಿಗೆ ಕಳಿಸ್ಬೇಕು ಅನ್ನೋದು ಹುಡುಕ್ಬೇಕು."

ತೊಡೆಯ ಮೇಲಿನ ಬಟ್ಟೆ ಮಡಿಸುತ್ತ, "ಅವಳ ಬೆನ್ನ ಹಿಂದೆ ಅಷ್ಟು ವರ್ಷ ಕೂತು ಏನು ನೋಡ್ದೆ ನೀನು?" ಎಂದಳು.

ಬಟ್ಟೆಯ ಮಡಿಕೆಗಳನ್ನು, ಎಂದು ಹೇಳಲು ಅಯೆಲೆಗೆ ನಾಚಿಕೆಯಾಯಿತು.

ಪೂಜೆಯ ದಿನ ಬೆಳಿಗ್ಗೆ ನೀಲಿ ಉಟ್ಟ ಹೆಂಗಸರು ಮಾರುಕಟ್ಟೆಯ ಮೆಟ್ಟಿಲಿಳಿದು ಬೀದಿಗೆ ಬಂದಾಗ ಬೈಕುಗಳು ತಾವಾಗಿ ನಿಂತವು. ಹಿತ್ತಾಳೆಯ ವಾದ್ಯದವರು ಮುಂದೆ, ಕಾಯಿಸಾನ್ ಅವರ ಹಿಂದೆ. ತಲೆಗೂ ಅದೇ ಬಟ್ಟೆಯನ್ನು ಗೋಪುರದ ಹಾಗೆ ಸುತ್ತಿದ್ದಳು. ನಡೆಯುವಾಗ ಬಿಳಿ ಮೀನುಗಳೆಲ್ಲ ಒಟ್ಟಿಗೆ ಈಜುತ್ತಿದ್ದವು. ಒಬ್ಬ ಮೇಸ್ತ್ರಿ ಗೋಡೆ ಕಟ್ಟುವುದನ್ನು ನಿಲ್ಲಿಸಿ ಕರಣೆ ಹಿಡಿದೇ ನಿಂತ. ಬೀದಿಯವರಿಗೆ ಆ ಹೊತ್ತಿಗೆ ಎಂ.ಪಿ.ಟಿ.ಯ ಎಲ್ಲ ಅರ್ಥಗಳೂ ಗೊತ್ತಿದ್ದವು, ಆದರೂ ಯಾರೂ ಓದಲಿಲ್ಲ. ಯಾರ ಪೂಜೆ ಎಂದು ಕೇಳಿದರು. ಫಿಲೊಮೆನ್ ಎಂದು ಉತ್ತರ ಬಂತು. ಅಷ್ಟು ಸಾಕಾಯಿತು.

ಚರ್ಚಿನ ಬಾಗಿಲಲ್ಲಿ ಹೊಸ ಪಾದ್ರಿ, ಇನ್ನೂ ಮೀಸೆ ಸರಿಯಾಗಿ ಮೂಡದವರು, ಅಕ್ಷರಗಳನ್ನು ಕಂಡು ಇದೇನು ತಾಯೀ ಎಂದು ಸಂಶಯದಿಂದ ವಿಚಾರಿಸಿದರು. ಅವರ ಕಿವಿಗೂ ಏನೇನೋ ಬಿದ್ದಿರಬೇಕು.

"ಮರಿಯಮ್ಮ ಸದಾ ಪ್ರಾರ್ಥಿಸ್ತಾಳೆ, ಫಾದರ್," ಎಂದಳು ಕಾಯಿಸಾನ್, ಶಿಲುಬೆಯ ಗುರುತು ಮಾಡಿಕೊಂಡು.

ಅವರು ಬಾಗಿಲನ್ನು ಇನ್ನಷ್ಟು ಅಗಲ ತೆರೆದರು. ಪೂಜೆಯಲ್ಲಿ ಯಾರೂ ಅಳಲಿಲ್ಲ. ಊಟದ ಹೊತ್ತಿಗೆ, ಜೋಳದ ಮುದ್ದೆಗೂ ಏಡಿ ಹಾಕಿದ ಸೊಪ್ಪಿನ ಸಾರಿಗೂ ಸಾಲು ಕೂತಾಗ, ಕಾಯಿಸಾನ್ ಒಂದು ತುತ್ತು ಬಾಯಿಗಿಟ್ಟು, ಉಪ್ಪು ಜಾಸ್ತಿ, ಫಿಲೊಮೆನ್ ಯಾವತ್ತೂ ಉಪ್ಪು ಜಾಸ್ತಿ ಹಾಕುತ್ತಿದ್ದಳು ಎಂದು ಗೊಣಗಿ, ಕನ್ನಡಕ ತೆಗೆದು ನೀಲಿ ಸೆರಗಿನಿಂದ ಬಹಳ ಹೊತ್ತು ಒರೆಸಿದಳು. ಅಡುಗೆ ಮಾಡಿದವರು ಅಯೆಲೆಯ ಮನೆಯವರು. ಉಪ್ಪು ಸರಿಯಾಗಿಯೇ ಇತ್ತು. ಅಯೆಲೆ ಇನ್ನೊಂದು ಸೌಟು ಬಡಿಸಿದಳು.

ಸೋಮವಾರ ಅಂಗಡಿ ತೆಗೆದಾಗ ಗಡಿಯಾಚೆಯಿಂದ ಬಂದ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅವರಿಗೆ ಅಕ್ಷರಗಳ ಕತೆ ಗೊತ್ತಿರಲಿಲ್ಲ. 'ಫಿಲೊಮೆನ್' ಇದೆಯಾ, ಹನ್ನೆರಡು ಗಜದ್ದು, ಎಂದು ಕೇಳಿದರು. ನೀಲಿ ಬಟ್ಟೆಗೆ ಹೆಸರು ಹತ್ತಿತ್ತು. ಅಯೆಲೆ ಏಜೆಂಟರಿಗೆ ಹೇಳಿಕಳಿಸಿ ಅದೇ ಅಚ್ಚಿನಲ್ಲಿ ಇನ್ನೊಮ್ಮೆ ಮಾಡಿಸಿದಳು. ಅಕ್ಷರ ತೆಗೆಯಬೇಕೇ ಎಂದು ಕಾರ್ಖಾನೆಯವರು ಕೇಳಿದ್ದಕ್ಕೆ, ಇರಲಿ, ಮೀನಿಗೆ ಒಗ್ಗಿಹೋಗಿದೆ ಎಂದಳು. ಮೀನುಗಾರರ ಸಂಘದ ಎರಡೂ ತುಂಡುಗಳು ಬೇರೆ ಬೇರೆ ದಿನ ಬಂದು, ಬಟ್ಟೆ ಮೂಲತಃ ತಮ್ಮದೇ ಎಂದು ವಾದಿಸಿದವು. ಅವಳು ಇಬ್ಬರ ಮಾತನ್ನೂ ಒಪ್ಪಿ ಇಬ್ಬರಿಗೂ ಪೂರ್ತಿ ಬೆಲೆಗೆ ಮಾರಿದಳು. ದೂರದಿಂದ ನೋಡುತ್ತಿದ್ದ ಕಾಯಿಸಾನ್ ಕನ್ನಡಕದ ಮೇಲಿನಿಂದ ಒಮ್ಮೆ ತಲೆಯಾಡಿಸಿದಳು.

ಆ ವರ್ಷ ಹೊಸ ಬಟ್ಟೆ ತೋರಿಸುವ ದಿನ ಅಯೆಲೆ ಎರಡನೆಯ ಕುರ್ಚಿಯಲ್ಲಿ ಕೂತಳು. ಹೊನೊರಿನ್ ಮೂರನೆಯದರಲ್ಲಿ ಕೂತಳು.